ಕಾರ್ಬನ್ ಬ್ರಷ್ ಮಹಾಶಯರಿಗೊಂದು ಬಹಿರಂಗ ಪತ್ರ

ಪರಮಪೂಜ್ಯ ಕಾರ್ಬನ್ ಬ್ರಷ್ ಮಹಾಶಯರ ಸನ್ನಿಧಾನಕ್ಕೆ,

ಯಾದಗಿರಿಯಿಂದ ಶಿರಸಾಷ್ಟಾಂಗ ನಮಸ್ಕಾರಗಳು. ಶಹಾಪುರ, ಸುರಪುರದಲ್ಲೂ ತಮ್ಮ ಭಕ್ತರಿಗೆ ಕೊರತೆಯಿಲ್ಲ. ಮನೆಯ ಮಿಕ್ಸರ್, ಬಡಗಿಯ ಡ್ರಿಲ್, ಶಹಾಬಾದ್ ಫರಸಿ ಕೊಯ್ಯುವ ಕಟ್ಟರ್, ಎಲ್ಲದರೊಳಗೂ ಜೋಡಿಯಾಗಿ ಕೂತು ತಿರುಗುವ ಆರ್ಮೇಚರಿಗೆ ಕರೆಂಟು ದಾಟಿಸುವವರು ತಾವೇ. ಬೋರ್‌ವೆಲ್ಲಿನ ಇಂಡಕ್ಷನ್ ಮೋಟರಿನಲ್ಲಿ ತಮಗೆ ಕೆಲಸವಿಲ್ಲ. ಹಾಗಾಗಿ ಹೊಲದ ಮಂದಿ ತಮ್ಮ ಕಾಟದಿಂದ ಪಾರಾಗಿದ್ದಾರೆ; ಆ ಕೃಪೆಗೆ ಮೊದಲ ವಂದನೆ.

ತಾವು ಸವೆಯುತ್ತೀರೆಂದು ನನ್ನ ದೂರಲ್ಲ. ಸವೆಯಲಿಕ್ಕೇ ತಾವು ಹುಟ್ಟಿದ್ದು. ಮೊದಲು ತಾಮ್ರದ ತಂತಿಯ ಬ್ರಷ್‌ಗಳಿದ್ದವು. ಅವು ಕಿಡಿ ಹಾರಿಸಿ, ಬ್ರಷ್ ಒರಗಿ ಕೂರುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳನ್ನೇ ತಿನ್ನುತ್ತಿದ್ದವು. 1885ರಲ್ಲಿ ಎಂಜಿನಿಯರ್ ಜಾರ್ಜ್ ಫೋರ್ಬ್ಸ್ ತಮ್ಮನ್ನು ಆ ಜಾಗಕ್ಕೆ ತಂದರು. ತಮ್ಮ ಗ್ರಾಫೈಟಿನ ಪದರುಗಳು ಒಂದರ ಮೇಲೊಂದು ಜಾರುತ್ತವೆ, ತಾಮ್ರದ ಮೇಲೆ ತೆಳುವಾದ ಕಂದು ಪೊರೆ ಕಟ್ಟುತ್ತವೆ. ಆ ಪೊರೆಗೆ ಗಾಳಿಯ ತೇವವೂ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳಲ್ಲಿ ತೇವವಿಲ್ಲದ ಗಾಳಿಗೆ ಸಿಕ್ಕು ತಾವು ಬೇಗನೆ ಪುಡಿಯಾಗಿಬಿಟ್ಟಿರಿ. ನಮ್ಮೂರ ಮೇ ತಿಂಗಳ ಬಿಸಿಲಿನಲ್ಲೂ ಗಾಳಿ ಅಷ್ಟು ಒಣಗುವುದಿಲ್ಲ. ದಯಮಾಡಿ ಆ ನೆಪ ಹೇಳಬೇಡಿ.

ಈಗ ತಮ್ಮ ಇನ್ನೊಂದು ಉಪಕಾರ. ಶೇಂಗಾ ಹಿಂಡಿ ಅರೆಯುವಾಗ ನಮ್ಮ ಮಿಕ್ಸರಿನ ಅಡಿಯಲ್ಲಿ ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಒಳಗೆಲ್ಲ ಕರಿ ಪುಡಿ, ಒಂದು ಸ್ಪ್ರಿಂಗ್ ಸುಟ್ಟು ಸೊರಗಿದೆ, ಕಮ್ಯುಟೇಟರಿನ ಪಟ್ಟಿಗಳ ಮೇಲೆ ಉಗುರಿಗೆ ತಾಗುವಷ್ಟು ಆಳದ ಗೆರೆ. ಸ್ವಲ್ಪ ಹಿಂದಷ್ಟೇ ಹೊಸದಾಗಿ ಬಂದು ಕೂತವರು ತಾವು. ಅಂಗಡಿಯಲ್ಲಿ ಅಳತೆ ಮಾತ್ರ ಕೇಳಿದ್ದರು. "ಇದೇ ಕೂಡ್ತದ್ರೀ, ಒಂಚೂರು ಅರ ಹಚ್ಚಿದ್ರ ಆತು." ಕೂತಿರೇನೋ ಹೌದು.

ಆದರೆ ಕರಿ ಬಣ್ಣದವರೆಲ್ಲ ಒಂದೇ ಅಲ್ಲವಲ್ಲ, ಸ್ವಾಮಿ! ಗಾಡಿಯ ಸ್ಟಾರ್ಟರಿಗೆ 12 ವೋಲ್ಟಿನಲ್ಲಿ ಭಾರಿ ಕರೆಂಟು ಹರಿಯಬೇಕು. ಅಲ್ಲಿಗೆ ತಾಮ್ರ ಬೆರೆತವರು ಸರಿ. 230 ವೋಲ್ಟಿನ ಮಿಕ್ಸರಿಗೆ ರಾಳದಿಂದ ಕಟ್ಟಿದ, ರೋಧ ಹೆಚ್ಚಿರುವವರೇ ಬೇಕು. ಬ್ರಷ್ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವಾಗ ಅರೆಕ್ಷಣ ಆರ್ಮೇಚರಿನ ಒಂದು ಸುರುಳಿಯೇ ಶಾರ್ಟ್ ಆಗುತ್ತದೆ, ಆಗ ಹರಿಯುವ ಕರೆಂಟನ್ನು ಹಿಡಿದಿಡುವುದು ಆ ರೋಧವೇ. ಅದಿಲ್ಲದಿದ್ದರೆ ಕಿಡಿ. ಮೈ ಅತಿ ಗಟ್ಟಿಯಾದರೂ ಕೇಡೇ: ತಾವು ಉಳಿದು ತಾಮ್ರ ಸವೆಯುತ್ತದೆ. ಯಾವುದನ್ನು ಕಾಯಲು ಬಂದಿರೋ ಅದನ್ನೇ ತಿನ್ನುವುದು ತಮ್ಮಂಥ ದೊಡ್ಡವರಿಗೆ ಶೋಭೆಯೇ?

ನನ್ನದು ಬಿಡಿ, ಹಿಂಡಿಯನ್ನು ಒರಳಿನಲ್ಲಿ ಕುಟ್ಟಿಕೊಂಡೆವು. ಆದರೆ ಫರಸಿ ಕೊಯ್ಯುವವನ ಕಟ್ಟರಿನೊಳಗೆ ಕಲ್ಲಿನ ಧೂಳು ಹೊಕ್ಕು ತಮ್ಮ ಜೊತೆ ಸೇರಿ ತಾಮ್ರವನ್ನು ಕೆರೆಯುತ್ತದೆ. ಆರ್ಮೇಚರ್ ಸುಟ್ಟ ದಿನ ಅವನಿಗೆ ಕೂಲಿಯೂ ಇಲ್ಲ, ರಿಪೇರಿಯ ಖರ್ಚೂ ಅವನದೇ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ಕೈಮುಗಿದು ಬೇಡುತ್ತೇನೆ. ತಾವು ಯಾವ ಬಗೆಯವರೆಂದು ಹೇಳುವ ಗ್ರೇಡ್ ತಮ್ಮ ಪಕ್ಕೆಯ ಮೇಲೆ ಅಚ್ಚಾಗಿರಲಿ. ಅಂಗಡಿಯವರು ಹಳೆಯದನ್ನು ಮತ್ತು ಯಂತ್ರದ ಹೆಸರನ್ನು ನೋಡಿಯೇ ಹೊಸದನ್ನು ಕೊಡುವಂತಾಗಲಿ. ಮೂರರಲ್ಲೊಂದು ಪಾಲು ಉಳಿದಾಗಲೇ, ಸ್ಪ್ರಿಂಗ್ ತಾಮ್ರಕ್ಕೆ ತಾಗುವ ಮೊದಲೇ, ತಾವು ದಯವಿಟ್ಟು ಜಾಗ ಖಾಲಿ ಮಾಡಿರಿ.

ಇಂತಿ ತಮ್ಮ ವಿಧೇಯ,
ಯಾದಗಿರಿಯ ಒಬ್ಬ ಗಿರಾಕಿ