ಸೂಪರ್‌ಮ್ಯಾನ್–ಪವರ್‌ಮ್ಯಾನ್ ತಾರತಮ್ಯ ವಿಚಾರ

ವಿಷಯ

ಅಮೆರಿಕದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರ ಕೈಯಿಂದ 1938ರಲ್ಲಿ 'ಆಕ್ಷನ್ ಕಾಮಿಕ್ಸ್'ನಲ್ಲಿ ಅವತಾರವೆತ್ತಿದ ಸೂಪರ್‌ಮ್ಯಾನ್ ಒಂದು ಕಡೆ. ಕರ್ನಾಟಕದ ವಿದ್ಯುತ್ ಕಂಪನಿಗಳ ಸೆಕ್ಷನ್ ಆಫೀಸುಗಳಲ್ಲಿ ದಿನಾ ಹಾಜರಿ ಹಾಕುವ ಪವರ್‌ಮ್ಯಾನ್ ಇನ್ನೊಂದು ಕಡೆ. ಇವರಲ್ಲಿ ಲೋಕರಕ್ಷಕ ಯಾರು ಎಂಬುದೇ ಇಲ್ಲಿನ ಜಿಜ್ಞಾಸೆ. ಎರಡನೆಯವನು ನಮ್ಮ ಕಲ್ಪನೆಯಲ್ಲ. ನೇಮಕಾತಿ ಪ್ರಕಟಣೆಯಲ್ಲಿ 'ಕಿರಿಯ ಪವರ್‌ಮ್ಯಾನ್' ಎಂಬ ಹುದ್ದೆ ಅಚ್ಚಾಗುತ್ತದೆ. ಸೂಪರ್‌ಮ್ಯಾನನ ಹುದ್ದೆಗೆ ಯಾರೂ ಅರ್ಜಿ ಕರೆದ ದಾಖಲೆ ಸಿಕ್ಕಿಲ್ಲ.

ಸಂಶಯ

ಆಷಾಢದ ಒಂದು ರಾತ್ರಿ ಆಗುಂಬೆ ಸೀಮೆಯಲ್ಲಿ ಗಾಳಿಮಳೆ ಎನ್ನಿ. ಹಲಸಿನ ಕೊಂಬೆಯೊಂದು 11 ಕೆ.ವಿ. ಲೈನಿನ ಮೇಲೆ ಒರಗಿದೆ. ನಾಲ್ಕು ಊರು ಕತ್ತಲಲ್ಲಿವೆ, ಮೊಬೈಲುಗಳು ಪ್ರಾಣ ಬಿಡುತ್ತಿವೆ, ಅರ್ಧ ರುಬ್ಬಿದ ದೋಸೆಹಿಟ್ಟು ಮಿಕ್ಸಿಯಲ್ಲೇ ಕೂತಿದೆ. ಈ ಧರ್ಮಸಂಕಟದಲ್ಲಿ ಸ್ಮರಿಸಬೇಕಾದದ್ದು ಯಾರನ್ನು?

ಪೂರ್ವಪಕ್ಷ

ಸೂಪರ್‌ಮ್ಯಾನನ ಪರವಾದಿಗಳು ಹೆಚ್ಚಾಗಿ ಎಂಟನೇ ಕ್ಲಾಸಿನೊಳಗಿನ ವಿದ್ವಾಂಸರು. ಅವರ ಹೇತುಗಳು ಮೂರು: ಅವನು ಹಾರುತ್ತಾನೆ, ಅವನಿಗೆ ಏನೂ ತಾಗುವುದಿಲ್ಲ, ಅವನ ಬೆನ್ನಿಗೆ ಕೆಂಪು ಶಾಲಿದೆ.

ಉತ್ತರಪಕ್ಷ

ಹಾರಾಟದ ಮಾತು ಮೊದಲು. 1938ರ ಮೂಲಪಾಠದಲ್ಲಿ ಸೂಪರ್‌ಮ್ಯಾನನಿಗೆ ಹಾರಲು ಬರುತ್ತಿರಲಿಲ್ಲ. ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ಜಿಗಿಯುತ್ತಿದ್ದ, ಅಷ್ಟೇ. ಹಾರಾಟವು ಆಮೇಲಿನ ಪ್ರಕ್ಷಿಪ್ತ. ಪವರ್‌ಮ್ಯಾನನಾದರೋ 8 ಮೀಟರ್ ಕಂಬ ಹತ್ತಿ ತೋರಿಸದೆ ಕೆಲಸಕ್ಕೇ ಸೇರುವಂತಿಲ್ಲ. ಇನ್ನು, ಸೂಪರ್‌ಮ್ಯಾನನ ಬಲವೆಲ್ಲ ನಮ್ಮ ಹಳದಿ ಸೂರ್ಯನಿಂದ ಬಂದದ್ದೆಂದು ಅವನ ವ್ಯಾಖ್ಯಾನಕಾರರೇ ಹೇಳುತ್ತಾರೆ. ಆಷಾಢದ ಆಗುಂಬೆಯಲ್ಲಿ ಸೂರ್ಯೋದಯವಾಗುವುದು ಪಂಚಾಂಗದಲ್ಲಿ ಮಾತ್ರ. ಮಹಾಶಯ ಬಂದರೂ ನಮ್ಮ ಜಗಲಿಯಲ್ಲಿ ಕಂಬಳಿ ಹೊದ್ದು ಕೂರಬೇಕಾದೀತು.

ಏನೂ ತಾಗದವನು ಕಂಬ ಹತ್ತಿದರೆ ಅದರಲ್ಲಿ ಧೈರ್ಯದ ಮಾತೆಲ್ಲಿ ಬಂತು? ತಾಗಿದರೆ ಸಾಯುವವನು ಹತ್ತುತ್ತಾನಲ್ಲ, ಅದು ಧೈರ್ಯ. ಅವನು ಹುಂಬತನದಿಂದ ಹತ್ತುವುದೂ ಅಲ್ಲ. ಮೊದಲು ಸಬ್‌ಸ್ಟೇಷನ್ನಿನಿಂದ, ಕರೆಂಟು ನಿಲ್ಲಿಸಿದೆ ಎಂಬ 'ಲೈನ್ ಕ್ಲಿಯರ್' ಪಡೆಯಬೇಕು, ಜಿ.ಒ.ಎಸ್. ಸ್ವಿಚ್ ಎಳೆದು ಬಿಡಿಸಬೇಕು, ತಂತಿಗೆ ಅರ್ತಿಂಗ್ ರಾಡ್ ಸಿಕ್ಕಿಸಬೇಕು. ಇದಕ್ಕೆಲ್ಲ ಜೊತೆಗೆ ಹೆಲ್ಮೆಟ್, ಕೈಗವಸು, ಸೊಂಟಕ್ಕೆ ಬೆಲ್ಟು. ಇಷ್ಟು ಕರ್ಮಾಂಗಗಳಲ್ಲಿ ಒಂದು ತಪ್ಪಿದರೂ ಪ್ರಾಯಶ್ಚಿತ್ತಕ್ಕೆ ಅವಕಾಶವಿಲ್ಲ.

ಸೂಪರ್‌ಮ್ಯಾನನಿಗೆ ಮಾರಕವಾದದ್ದು ಕ್ರಿಪ್ಟೊನೈಟ್ ಎಂಬ ಹಸಿರು ಕಲ್ಲು. ಅದು ಬೇರೆ ಗ್ರಹದಿಂದ ಬಂದು ಬೀಳಬೇಕು. ಪವರ್‌ಮ್ಯಾನನ ಕ್ರಿಪ್ಟೊನೈಟ್ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲೇ ಇದೆ: ಮೇನ್ ಸ್ವಿಚ್ ಬಿಡಿಸದೆ ಚಾಲೂ ಮಾಡಿದ ಜನರೇಟರು. ಅದರ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರ್ ದಾಟುವಾಗ ಸಾವಿರಾರು ವೋಲ್ಟಾಗಿ, ಸತ್ತಿದೆಯೆಂದು ಮುಟ್ಟಿದ ತಂತಿಗೆ ಜೀವ ಬರಿಸುತ್ತದೆ. ಖಳನಾಯಕನಿಗೆ ಇಲ್ಲಿ ದುರುದ್ದೇಶವೂ ಇರುವುದಿಲ್ಲ. ಅವನಿಗೆ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಬೇಕಾಗಿರುತ್ತದೆ, ಅಷ್ಟೇ.

ಕೆಂಪು ಶಾಲು ಗಾಳಿಗೆ ಹಾರಿ ತಂತಿಗೆ ಸುತ್ತಿಕೊಳ್ಳುತ್ತದಾದ್ದರಿಂದ ಮೂರನೆಯ ಹೇತು ಅಲ್ಲೇ ಬಿದ್ದುಹೋಯಿತು.

ಪ್ರಾಸಂಗಿಕವಾಗಿ ಎರಡು ಮಾತು. ಸೂಪರ್‌ಮ್ಯಾನ್ ಗುರುತು ಮರೆಸಿಕೊಳ್ಳಲು ಕನ್ನಡಕ ಹಾಕಿ ಪತ್ರಕರ್ತನಾಗಬೇಕು. ಪವರ್‌ಮ್ಯಾನನಿಗೆ ಆ ತಾಪತ್ರಯವಿಲ್ಲ. ವರ್ಷಗಟ್ಟಲೆ ನಮ್ಮ ಊರಿನ ದೀಪ ಕಾಯ್ದರೂ ಅವನು ನಮಗೆ ಬರೀ 'ಲೈನ್‌ಮನ್', ಹೆಸರು ಕೇಳಿದವರಿಲ್ಲ. ಕಾಲನಿರ್ಣಯದಲ್ಲೂ ಅವನೇ ಹಿರಿಯ. ಸೂಪರ್‌ಮ್ಯಾನ್ ಹುಟ್ಟುವುದಕ್ಕೆ 36 ವರ್ಷ ಮೊದಲು, 1902ರಲ್ಲೇ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 140 ಕಿ.ಮೀ.ಗೂ ಉದ್ದದ ತಂತಿಯಲ್ಲಿ ಕರೆಂಟು ಹರಿದಿತ್ತು. ಆ ಕಂಬಗಳನ್ನು ಹತ್ತಿ ಇಳಿದವರ ಬಗ್ಗೆ ಯಾರೂ ಕಾಮಿಕ್ಸ್ ಬರೆಯಲಿಲ್ಲ.

ಸಿದ್ಧಾಂತ

ಸಾಯಬಲ್ಲವನಾಗಿದ್ದೂ ಇನ್ನೊಬ್ಬರ ಕೆಲಸಕ್ಕೆ ಹೊರಡುವವನೇ ವೀರ. ಈ ಲಕ್ಷಣವನ್ನು ಒಪ್ಪಿದರೆ ಅದು ಬರಿಗೈಯಲ್ಲಿ ಚರಂಡಿಗೆ ಇಳಿಯಬೇಕಾಗಿ ಬಂದ ಪೌರಕಾರ್ಮಿಕರಿಗೂ, ತುಂಬಿದ ಹಳ್ಳ ದಾಟಿ ಬಾಣಂತಿಯನ್ನು ನೋಡಿಬರುವ ಆಶಾ ಕಾರ್ಯಕರ್ತೆಗೂ ಹಬ್ಬುತ್ತದೆ. ತರ್ಕಶಾಸ್ತ್ರ ಇದನ್ನು ಅತಿವ್ಯಾಪ್ತಿ ದೋಷ ಎನ್ನುತ್ತದೆ. ಈ ದೋಷ ಹಾಗೇ ಇರಲಿ. ಸೂಪರ್‌ಮ್ಯಾನ್ ಮಾತ್ರ ಈ ಲಕ್ಷಣದಿಂದ ಹೊರಗುಳಿಯುತ್ತಾನೆ.

ಫಲಶ್ರುತಿ

ಇದನ್ನು ಓದಿದವರಿಗೆ ಪುತ್ರಪೌತ್ರಾದಿ ಐಶ್ವರ್ಯ ದೊರೆಯುವುದೆಂದು ಹೇಳಲಾರೆವು. ಕರೆಂಟು ಹೋದರೆ 1912ಕ್ಕೆ ಫೋನು ಮಾಡಿ, ಬೈಯದೆ ದೂರು ಹೇಳಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಜಾಗ ತಿಳಿಸಿ. ಜನರೇಟರು ಚಾಲೂ ಮಾಡುವ ಮುನ್ನ ಮೇನ್ ಸ್ವಿಚ್ ಬಿಡಿಸಿ. ಕಂಬ ಇಳಿದು ಬಂದವನಿಗೆ ಒಂದು ಲೋಟ ಕಾಫಿ ಕೊಟ್ಟು ಹೆಸರು ಕೇಳಿ. ಹೆಸರು ಆಮೇಲೆ ಮರೆತರೂ ಅವನು ಬೇಜಾರು ಮಾಡಿಕೊಳ್ಳುವವನಲ್ಲ. ಜನರೇಟರಿನ ಮಾತೊಂದನ್ನು ಮಾತ್ರ ಮರೆಯಬೇಡಿ.