ಹತ್ತನೆಯವನ ದರ್ಬಾರು

ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕೇ ಬೇಕು. 13 ವರ್ಷ ತುಂಬಿದ ಹುಡುಗನಾದರೂ ನಡೆದೀತು. ಒಂಬತ್ತು ಮಂದಿ ಮಹಾಪಂಡಿತರು ಕೂತಿದ್ದರೂ ಕೋರಂ ಇಲ್ಲ. ಆಕಳಿಸುತ್ತಾ ಬಂದ ಹತ್ತನೆಯವನಿಗೇ ಅಳಿಯನ ಉಪಚಾರ. ಬಹುಪಾಲು ಜನ ಇಸ್ರೇಲಿಗೆ ಹೋದಮೇಲಂತೂ ಅವನ ಗತ್ತು ಕೇಳಬೇಡಿ.

ಮಲೀದಾ ಎಂಬ ನೈವೇದ್ಯ ಇದ್ದ ದಿನ ಮಾತ್ರ ಯಾರಿಗಾಗಿಯೂ ಕಾಯಬೇಕಿರಲಾರದು. ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಜೊತೆಗೆ ಹಣ್ಣು. ಅವಲಕ್ಕಿ ಕಂಡರೆ ಕೃಷ್ಣನೇ ತಡೆದುಕೊಳ್ಳಲಿಲ್ಲ, ಇನ್ನು ಇವರೇನು!

ಈ ಪ್ರಾರ್ಥನೆ ನಡೆಯುವ ಮಂದಿರವೇ ಸಿನಗಾಗ್; ಮುಂಬಯಿಯ ಮೊದಲನೆಯದು 1796ರದು. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ನಮ್ಮ ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದವರು, ಹರಕೆ ತೀರಿಸಿದರಂತೆ. ಸೆರೆಯಲ್ಲಿ ಹತ್ತು ಜನ ಸಿಕ್ಕಿದ್ದರೋ ಇಲ್ಲವೋ, ತಡವಾಗಿ ಬರುವವರ ಕಾಟವಂತೂ ಇದ್ದಿರಲಾರದು.