ಹಲ್ಮುರಿ ಡಾಟ್ ಇನ್

ಟ್ರೇಡ್‌ಮಾರ್ಕ್ ಕಾಯುವ ವಕೀಲ ಸಾಹೇಬರಿಗೆ,

ಗೋಕಾಕದಿಂದ ಶರಣು. ನನಗೂ ಒಂದು ಖಡಕ್ ನೋಟಿಸು ಬರೆದುಕೊಡಿ. ಫೀ ಎಷ್ಟಾದರೂ ಆಗಲಿ, ಮೇಲೆ ಒಂದು ಕಿಲೋ ಕರದಂಟು.

ಊರಲ್ಲಿ ಅಂಟು ಕರಿದು, ಬೆಲ್ಲದ ಪಾಕಕ್ಕೆ ಕೊಬ್ಬರಿ ಗೋಡಂಬಿ ಬೆರೆಸಿದವರೆಲ್ಲ ‘ಗೋಕಾಕ’ ಎಂದು ಬೋರ್ಡು ಹಾಕುತ್ತಾರೆ. ನಾನು ವೆಬ್‌ಸೈಟ್ ಮಾಡಿಸಿದ್ದೇನೆ. ಇನ್ನು ಆ ಹೆಸರು ನನ್ನದೇ ಅಲ್ಲವೆ? ಸವಣೂರಲ್ಲಿ ಹುಟ್ಟಿಯೂ ಗೋಕಾಕ ಎನಿಸಿಕೊಂಡ ಕವಿ ವಿನಾಯಕರು ಈಗಿಲ್ಲ, ಪಾರಾದರು.

ಅಸಲು ತ್ರಾಸು ಹುಕ್ಕೇರಿಯ ಗಿರಾಕಿಯದು. ನಮ್ಮ ಅಂಗಡಿಯ ಹೆಸರಿಗೆ ‘ಹಲ್ಮುರಿ’ ಅಂಟಿಸಿ ಡೊಮೇನ್ ಕೊಂಡಿದ್ದಾನೆ. ತೆರೆದರೆ ಒಂದು ಮುರಿದ ದವಡೆ ಹಲ್ಲು, ಪಕ್ಕದಲ್ಲಿ ನಮ್ಮ ಡಬ್ಬಿ. ಅವನು ಕರದಂಟು ಮಾರುವುದಿಲ್ಲ. ಅದನ್ನು ನಮ್ಮದೇ ಅಂಗಡಿಯೆಂದು ನಂಬಿ ಯಾರೂ ಆರ್ಡರ್ ಹಾಕಿಲ್ಲ. ಹಾಕುವವರೂ ಬಿಟ್ಟರು, ಅದೇ ತಕರಾರು.

ಮೂಡಲಗಿಯ ಅಳಿಯ ಕಾನೂನು ಓದಿದವನು. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸಿಫಿ ವ್ಯಾಜ್ಯದಲ್ಲಿ, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ರಕ್ಷಣೆಯುಂಟು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದ. ಕುಣಿದಾಡಿದೆ. ಆಮೇಲೆ ನೀರು ಸುರಿದ: ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಕುತ್ತೆಂದು ಗ್ರೀನ್‌ಪೀಸ್‌ನವರು ಟಾಟಾ ಚಿಹ್ನೆಯನ್ನು ಆಮೆಗಳ ಬೆನ್ನುಹತ್ತಿಸಿ ಆನ್‌ಲೈನ್ ಆಟ ಕಟ್ಟಿದರು. ಟಾಟಾ ಹತ್ತು ಕೋಟಿ ಕೇಳಿತು. 2011ರಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಡಲಿಲ್ಲ, ಅದು ಟೀಕೆಯೆಂದಿತು. “ಮಾವಾರ, ಹೆಸರ ಕದ್ದಾಂವ ಬ್ಯಾರೆ, ಹೆಸರ ಹಿಡದ ಬೈಯಾಂವ ಬ್ಯಾರೆ. ನಮ್ಮ ಕುಲಗೋಡ ತಮ್ಮಣ್ಣನ ಪಾರಿಜಾತದಾಗ ಭಾಮಿ ಕೃಷ್ಣನ ಮ್ಯಾಲ ಅಷ್ಟ ಸಿಟ್ಟಾಗ್ತಾಳ, ದ್ವಾರಕಾದಿಂದ ನೋಟಿಸ್ ಬಂತೇನ್ರಿ?”

ಆದರೂ ನಿಮ್ಮವರ ಬುದ್ಧಿಗೆ ಶಹಬ್ಬಾಸ್. ಏರ್‌ಫ್ರಾನ್ಸ್ ಹೆಸರಿಗೆ ‘ಸಕ್ಸ್’ ಜೋಡಿಸಿದ ಡೊಮೇನನ್ನು 2005ರಲ್ಲಿ ಕಂಪನಿಗೇ ಕೊಡಿಸಿದರಂತೆ. ಇಂಗ್ಲಿಷ್ ಬಾರದವರಿಗೆ ಅದು ಬೈಗುಳವೆಂದು ತಿಳಿಯಲಿಕ್ಕಿಲ್ಲ ಎಂಬುದೂ ಒಂದು ಕಾರಣ! ನನ್ನ ನೋಟಿಸಿಗೂ ಅದನ್ನೇ ಸೇರಿಸಿ. ಕನ್ನಡ ಬಾರದ ಪುಣೆಯ ಗಿರಾಕಿ ‘ಹಲ್ಮುರಿ’ ಎಂದರೆ ಹೊಸ ನಮೂನೆಯ ಕರದಂಟು ಎಂದು ತಿಳಿದು ಎರಡು ಕಿಲೋ ಕೇಳಿದರೆ ನಾನೇನು ಮಾಡಲಿ?

ಇಂತಿ ನೊಂದ ಮಾಲೀಕ

ತಾ.ಕ.: ಡಬ್ಬಿ ಕಳಿಸಿದ್ದೇನೆ. ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ತಿನ್ನಿ, ಮುಂದಿನ ಹಲ್ಲಿನಿಂದ ಮಾತ್ರ ಕಡಿಯಬೇಡಿ.